‘ನಿನ್ನವನು ನಾನು’: ಹಾನಗಲ್ಲು–ಹಿರೇಕೆರೂರು ಪರಿಸರದ ಕಾವ್ಯ, ವಚನ, ಕೀರ್ತನೆಗಳಲ್ಲಿ ದಾಸ್ಯ ಮತ್ತು ಬಿಡುಗಡೆ

ಶಾಸನಗಳಲ್ಲಿ ಪಾನುಂಗಲ್ಲು ಎಂದು ಕಾಣಿಸಿಕೊಳ್ಳುವ ಹಾನಗಲ್ಲಿಗೆ ವಿರಾಟನಗರಿ, ವಿರಾಟನಕೋಟೆ ಎಂಬ ಹೆಸರುಗಳೂ ಇವೆ. ಪಾಂಡವರು ಅಜ್ಞಾತವಾಸವನ್ನು ಕಳೆದದ್ದು ಇಲ್ಲಿಯೇ ಎಂಬುದು ಸ್ಥಳೀಯರ ನಂಬಿಕೆ. ಊರಿನ ಮಣ್ಣಿನ ದಿಬ್ಬವೊಂದಕ್ಕೆ ಕುಂತಿಯ ದಿಬ್ಬವೆಂಬ ಹೆಸರು ಬಂದದ್ದೂ ಈ ನಂಬಿಕೆಯಿಂದಲೇ. ಇಂತಹ ಐತಿಹ್ಯಗಳು ನಾಡಿನ ಅನೇಕ ಊರುಗಳಿಗಿವೆ. ಚರಿತ್ರೆಯ ಆಧಾರಗಳಾಗಿ ಅವುಗಳ ಬೆಲೆ ಅಲ್ಪ. ಆದರೆ ಹಾನಗಲ್ಲು ತನ್ನದೆಂದು ಹೇಳಿಕೊಂಡ ಕಥಾಭಾಗ ಯಾವುದೆಂಬುದು ಯೋಚಿಸತಕ್ಕ ಸಂಗತಿ. ಅದು ಯುದ್ಧದ ಕಥೆಯಲ್ಲ, ಪಟ್ಟಾಭಿಷೇಕದ ಕಥೆಯೂ ಅಲ್ಲ. ಅರಸುಮಕ್ಕಳು ಅಡುಗೆಯವನಾಗಿ, ಕುದುರೆಯ ಚಾಕರನಾಗಿ, ದನ ಕಾಯುವವನಾಗಿ, ಅವರ ಅರಸಿ ಮತ್ತೊಬ್ಬ ಅರಸಿಯ ತಲೆ ಬಾಚುವ ಸೈರಂಧ್ರಿಯಾಗಿ ಒಂದು ವರ್ಷ ಊಳಿಗ ಮಾಡಿದ ಕಥೆ.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಅನಂತರ ಹಾವೇರಿ ಜಿಲ್ಲೆಗೆ ಸೇರಿದವು. ಪಡುವಣ ಭಾಗದಲ್ಲಿ ಕೆರೆಯ ನೀರು ನಂಬಿದ ಭತ್ತದ ಗದ್ದೆಗಳು, ಸವಣೂರಿನ ಕಡೆಗೆ ಜೋಳ–ಹತ್ತಿ ಬೆಳೆಯುವ ಎರೆಭೂಮಿ. ಎರಡೂ ಆಳುಗಳ ದುಡಿಮೆಯನ್ನು ಬೇಡುವ ಬೇಸಾಯಗಳು. ಆಳು, ತೊತ್ತು, ಊಳಿಗ, ಜೀತ, ದಾಸ, ದಾಸಿ ಮುಂತಾದ ಮಾತುಗಳು ಇಂತಹ ಬದುಕಿನಿಂದ ಹುಟ್ಟಿ ಕಾವ್ಯ, ವಚನ, ಕೀರ್ತನೆಗಳನ್ನು ಹೊಕ್ಕವು. (ಸೇವಕನನ್ನು ಸೂಚಿಸುವ ‘ಆಳು’ ಎಂಬ ನಾಮಪದವೂ ಪ್ರಭುತ್ವ ನಡೆಸುವುದನ್ನು ಸೂಚಿಸುವ ‘ಆಳು’ ಎಂಬ ಕ್ರಿಯಾಪದವೂ ಕನ್ನಡದಲ್ಲಿ ಒಂದೇ ರೂಪದಲ್ಲಿರುವುದು ಕುತೂಹಲಕರ.) ಈ ಮಾತುಗಳನ್ನು ಕವಿಗಳು ದೈವದ ಮುಂದೆ ಬಳಸಿದಾಗ ನಮ್ಮ ವಿಮರ್ಶೆ ಬಹುಮಟ್ಟಿಗೆ ವಿನಯ, ಕಿಂಕರಭಾವ, ದಾಸ್ಯಭಕ್ತಿ ಎಂಬ ವಿವರಣೆಗಳಿಗೇ ತೃಪ್ತವಾಗಿದೆ. ಈ ವಿವರಣೆ ತಪ್ಪಲ್ಲ, ಅಪೂರ್ಣ. ಮನೆಯೊಳಗೆ ಕೊಂಡ ತೊತ್ತು ಇದ್ದ ಕಾಲದಲ್ಲಿ ‘ನಾನು ತೊತ್ತು’ ಎಂಬ ಮಾತು ಕೇವಲ ಉಪಮೆಯಾಗಿರಲಾರದು. ಅದು ಒಡೆತನವನ್ನು ಕುರಿತ ಹೇಳಿಕೆಯೂ ಹೌದು. ಯಾರ ತೊತ್ತು ಎಂದು ಹೇಳುವಾಗಲೇ ಯಾರ ತೊತ್ತಲ್ಲ ಎಂಬುದೂ ಅಲ್ಲಿ ತೀರ್ಮಾನವಾಗುತ್ತದೆ.

ಈ ಹೇಳಿಕೆಯ ತೂಕ ತಿಳಿಯಬೇಕಾದರೆ ಆ ಕಾಲದ ಧರ್ಮಶಾಸ್ತ್ರ ದಾಸ್ಯವನ್ನು ಹೇಗೆ ವಿಂಗಡಿಸಿತ್ತೆಂಬುದನ್ನು ನೋಡಬೇಕು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಮಿತಾಕ್ಷರವನ್ನು ರಚಿಸಿದ. ಪಾನುಂಗಲ್ 500ರ ಕದಂಬರು ಅದೇ ಪ್ರಭುತ್ವದ ಮಾಂಡಲಿಕರು. ಯಾಜ್ಞವಲ್ಕ್ಯಸ್ಮೃತಿಯ ಈ ವ್ಯಾಖ್ಯಾನದಲ್ಲಿ ನಾರದನನ್ನು ಅನುಸರಿಸಿ ಹದಿನೈದು ಬಗೆಯ ದಾಸರನ್ನು ಎಣಿಸಲಾಗಿದೆ. ದಾಸಿಯ ಹೊಟ್ಟೆಯಲ್ಲಿ ಮನೆಯಲ್ಲಿಯೇ ಹುಟ್ಟಿದವನು, ಕೊಂಡವನು, ದಾನವಾಗಿ ಬಂದವನು, ಪಿತ್ರಾರ್ಜಿತವಾಗಿ ಬಂದವನು, ಬರಗಾಲದಲ್ಲಿ ಸಾಕಿ ಉಳಿಸಿಕೊಂಡವನು, ಒತ್ತೆಯಿಟ್ಟವನು, ಸಾಲ ತೀರಿಸಿ ಬಿಡಿಸಿಕೊಂಡವನು, ಯುದ್ಧದಲ್ಲಿ ಸೆರೆಸಿಕ್ಕವನು, ಪಣದಲ್ಲಿ ಗೆದ್ದವನು, ಅನ್ನಕ್ಕಾಗಿ ದಾಸನಾದವನು, ತನ್ನನ್ನು ತಾನೇ ಮಾರಿಕೊಂಡವನು, ಹೀಗೆ ಪಟ್ಟಿ ಸಾಗುತ್ತದೆ. ಇದರಲ್ಲಿ ‘ತವಾಹಂ’, ಅಂದರೆ ‘ನಿನ್ನವನು ನಾನು’ ಎಂದು ಬಾಯಿಬಿಟ್ಟು ಹೇಳಿ ಒಪ್ಪಿಸಿಕೊಂಡವನೂ ಒಬ್ಬ. ಭಕ್ತನ ನುಡಿಯೆಂದು ಇಂದು ಕೇಳಿಸುವ ಮಾತು ಅಲ್ಲಿ ವ್ಯವಹಾರದ ಮಾತು. ಅದನ್ನು ಆಡಿದವನ ಒಡೆತನ ಬೇರೊಬ್ಬನಿಗೆ ಸಲ್ಲುತ್ತಿತ್ತು.

ಬಿಡುಗಡೆಯ ದಾರಿಗಳನ್ನೂ ಈ ಶಾಸ್ತ್ರ ಹೇಳುತ್ತದೆ. ಬಲವಂತದಿಂದ ದಾಸನಾದವನನ್ನೂ ಕಳ್ಳರು ಮಾರಿದವನನ್ನೂ ಬಿಡಿಸಬೇಕು. ಒಡೆಯನ ಪ್ರಾಣ ಉಳಿಸಿದವನು ಮುಕ್ತ. ಸಾಲದಿಂದ ದಾಸನಾದವನು ಬಡ್ಡಿಸಹಿತ ತೀರಿಸಿದರೆ ಮುಕ್ತ. ಯುದ್ಧದಲ್ಲಿಯೋ ಪಣದಲ್ಲಿಯೋ ಸಿಕ್ಕವನು ತನ್ನಷ್ಟೇ ದುಡಿಯಬಲ್ಲ ಮತ್ತೊಬ್ಬನನ್ನು ಬದಲಿಗೆ ಕೊಟ್ಟು ಹೊರಬರಬಹುದು. ಎಂದರೆ ಒಂದು ತಲೆ ಹೊರಗೆ ಬರಲು ಮತ್ತೊಂದು ತಲೆ ಒಳಗೆ ಹೋಗಬೇಕು. ಆದರೆ ಮೊದಲ ನಾಲ್ಕು ಬಗೆಯವರಿಗೆ, ಅದರಲ್ಲಿಯೂ ಮನೆಯಲ್ಲಿ ಹುಟ್ಟಿದ ದಾಸಿಯ ಮಗನಿಗೆ, ಒಡೆಯನ ಕೃಪೆಯ ಹೊರತು ಬೇರೆ ದಾರಿಯಿಲ್ಲ. ಕೃಪೆಗೂ ಒಂದು ವಿಧಿಯುಂಟು. ಒಡೆಯ ದಾಸನ ಹೆಗಲ ಮೇಲಿನ ನೀರಿನ ಕೊಡವನ್ನು ತೆಗೆದು ಒಡೆದು, ಅಕ್ಷತೆ ಹೂವುಗಳಿಂದ ಕೂಡಿದ ನೀರನ್ನು ಅವನ ತಲೆಗೆ ಚಿಮುಕಿಸಿ, ಇವನು ದಾಸನಲ್ಲವೆಂದು ಮೂರು ಸಲ ಸಾರಬೇಕು. ಸುಂದರವಾದ ವಿಧಿ. ಕೊಡ ಹೊತ್ತವನು ದಾಸ, ಒಡೆಯುವ ಕೈ ಮಾತ್ರ ಒಡೆಯನದು.

ನಾರದಸ್ಮೃತಿಯ ಇನ್ನೊಂದು ನಿಯಮ ಈ ಚರ್ಚೆಗೆ ಮುಖ್ಯವಾದದ್ದು. ಸ್ವತಂತ್ರನಲ್ಲದವನು ‘ನಿನ್ನವನು ನಾನು’ ಎಂದು ಮತ್ತೊಬ್ಬನಿಗೆ ಒಪ್ಪಿಸಿಕೊಂಡರೆ ಆ ಒಪ್ಪಿಗೆ ನಿಲ್ಲದು. ಹಿಂದಿನ ಸ್ವಾಮಿಗೇ ಅವನು ಸಲ್ಲುತ್ತಾನೆ. ಓಡಿಹೋದ ದಾಸರನ್ನು ಮರಳಿ ಪಡೆಯಲು ಒಡೆಯರಿಗೆ ಅನುಕೂಲವಾಗಲೆಂದು ಮಾಡಿದ ನಿಯಮವಿದು. ತನ್ನ ಮೇಲೆ ತನಗೆ ಹಕ್ಕಿಲ್ಲದವನು ಕೊಡಲಾರ ಎಂಬುದು ಇದರ ತಿರುಳು. ಈ ಪ್ರದೇಶದ ಸಾಹಿತ್ಯದಲ್ಲಿ ದಾಸ್ಯದ ವಿರುದ್ಧ ಎದ್ದ ಗಟ್ಟಿಯಾದ ದನಿಗಳು ಇದೇ ತಿರುಳನ್ನು ಒಡೆಯರ ವಿರುದ್ಧ ತಿರುಗಿಸಿದವು. ಕವಿಗಳು ಸ್ಮೃತಿಯನ್ನು ಓದಿ ಹೀಗೆ ಮಾಡಿದರೆಂದು ಸಾಧಿಸಬೇಕಾಗಿಲ್ಲ. ಒಡೆತನದ ತರ್ಕ ಎಲ್ಲರೂ ಬದುಕುತ್ತಿದ್ದ ತರ್ಕವಾಗಿತ್ತು.

ಇದಕ್ಕೆ ಎದುರಾದ ಪರಂಪರೆಯೂ ಇಲ್ಲಿ ಪ್ರಬಲವಾಗಿತ್ತು. ಒಡೆಯನಿಗಾಗಿ ಸಾಯುವುದೇ ಆಳಿನ ಪರಮಾರ್ಥವೆಂಬ ಮೌಲ್ಯವನ್ನು ವೇಳೆವಾಳಿ, ಲೆಂಕ, ಗರುಡ ಎಂಬ ಪದಗಳು ಹೊತ್ತಿವೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಈ ಆಚರಣೆಗಳ ಸಾಮಗ್ರಿಯನ್ನು ವಿಸ್ತಾರವಾಗಿ ಒದಗಿಸಿದೆ. ಗಂಗರ ಕಾಲದ ದೊಡ್ಡಹುಂಡಿಯ ಕಲ್ಲಿನಲ್ಲಿ ಸಾಯುತ್ತಿರುವ ನೀತಿಮಾರ್ಗನ ಬಳಿ ಅವನ ಸೇವಕ ಅಗರಯ್ಯನಿದ್ದಾನೆ. ಅವನು ಒಡೆಯನಿಗೆ ಕೀಳ್ಗುಂಟೆಯಾದನೆಂದು ಶಾಸನ ಹೇಳುತ್ತದೆ. 1196ರಲ್ಲಿ ಹಾನಗಲ್ಲನ್ನು ಮುತ್ತಿದ ಹೊಯ್ಸಳ ಇಮ್ಮಡಿ ಬಲ್ಲಾಳನ ಎದುರು ಕದಂಬ ಕಾಮದೇವನ ದಂಡನಾಯಕ ಸೋಹಣಿ ಹೋರಾಡಿ ಮಡಿದ. ಮುಂದೆ ಅದೇ ಬಲ್ಲಾಳ ತೀರಿಕೊಂಡಾಗ ಅವನ ಗರುಡನಾದ ಕುವರ ಲಕ್ಷ್ಮ ಹೆಂಡತಿ ಸುಗ್ಗಲದೇವಿಯೊಡನೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಕಂಬ ಸಾರುತ್ತದೆ. ಈ ನಿಷ್ಠೆಯನ್ನು ಶೌರ್ಯವೆಂದು ಮಾತ್ರ ಓದುವ ರೂಢಿ ಬೇರೂರಿದೆ. ‘ಗರುಡ’ ಎಂಬ ಬಿರುದಿನ ಒಳಗಿನ ವಿಡಂಬನೆಯನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ಪುರಾಣದ ಗರುಡ ಅಮೃತ ತಂದುಕೊಟ್ಟು ಕದ್ರುವಿನ ದಾಸಿಯಾಗಿದ್ದ ತಾಯಿ ವಿನತೆಯನ್ನು ಬಿಡಿಸಿದವನು. ವಿನತೆ ದಾಸಿಯಾದದ್ದೂ ಪಣದಲ್ಲಿ ಸೋತೇ. ದಾಸ್ಯವಿಮೋಚನೆಯ ದೊಡ್ಡ ನಾಯಕನ ಹೆಸರು ಸಾವಿನಲ್ಲಿಯೂ ಒಡೆಯನನ್ನು ಬಿಡದ ಆಳಿನ ಬಿರುದಾಯಿತು.

ಈ ಹಿನ್ನೆಲೆಯಲ್ಲಿ ದ್ರೌಪದಿಯ ಪ್ರಸಂಗವನ್ನು ಮತ್ತೆ ಓದಬೇಕಾಗಿದೆ. ಹಾನಗಲ್ಲಿನಿಂದ ಬಹಳ ದೂರವಲ್ಲದ ಕೋಳಿವಾಡದ ಕುಮಾರವ್ಯಾಸ ತನ್ನ ಭಾರತದ ಸಭಾಪರ್ವದಲ್ಲಿ ಆಕೆಯ ಪ್ರಶ್ನೆಗೆ ಕೊಟ್ಟಿರುವ ಅವಕಾಶ ದೊಡ್ಡದು. ಧರ್ಮರಾಯ ತನ್ನನ್ನು ಮೊದಲು ಸೋತನೋ, ತನ್ನ ಹೆಂಡತಿಯನ್ನು ಮೊದಲು ಸೋತನೋ? ತನ್ನನ್ನು ಸೋತು ಪರಾಧೀನನಾದವನಿಗೆ ಪಣವೊಡ್ಡುವ ಹಕ್ಕು ಎಲ್ಲಿಂದ ಬಂತು? ಸ್ತ್ರೀಸಹಜ ಆರ್ತನಾದವೆಂದು ಇದನ್ನು ಓದುವುದುಂಟು. ಅದು ಅಪ್ಪಟ ವ್ಯವಹಾರದ ಪ್ರಶ್ನೆ. ಪಣದಲ್ಲಿ ಗೆದ್ದವರು ದಾಸರೆಂಬುದನ್ನು ಆಕೆ ಅಲ್ಲಗಳೆಯುವುದಿಲ್ಲ. ಪಣೇಜಿತನಾದ ಧರ್ಮರಾಯ ಮರುಕ್ಷಣದಿಂದ ಅಸ್ವತಂತ್ರ, ಅಸ್ವತಂತ್ರನ ದಾನ ನಿಲ್ಲದು ಎಂಬ ನಿಯಮವನ್ನೇ ಸಭೆಯ ಮುಂದಿಡುತ್ತಾಳೆ. ಶಾಸ್ತ್ರ ಬಲ್ಲ ಹಿರಿಯರು ಮೌನ ತಾಳುವುದಕ್ಕೆ ಕಾರಣ ಕರುಣೆಯ ಕೊರತೆಯಷ್ಟೇ ಅಲ್ಲ. ಹೌದೆಂದರೆ ಹೆಂಡತಿಯ ಮೇಲೆ ಗಂಡನಿಗಿರುವ ಒಡೆತನ ಸಡಿಲಾಗುತ್ತದೆ, ಇಲ್ಲವೆಂದರೆ ದಾಸನ ಮೇಲೆ ಒಡೆಯನಿಗಿರುವ ಒಡೆತನ ಸಡಿಲಾಗುತ್ತದೆ. ಎರಡು ಯಜಮಾನಿಕೆಗಳು ಒಂದನ್ನೊಂದು ಹಾಯುವಂತೆ ಮಾಡಿದ ಪ್ರಶ್ನೆಯದು. ಉತ್ತರ ಸಿಗಲಿಲ್ಲ. ಬಿಡುಗಡೆ ಬಂದದ್ದು ಧೃತರಾಷ್ಟ್ರನ ವರವಾಗಿ, ಅಂದರೆ ಒಡೆಯನ ಕೃಪೆಯಾಗಿ. ಕೊಡ ಒಡೆಯಿತು, ಒಡೆದ ಕೈ ಬದಲಾಗಲಿಲ್ಲ.

ಹೀಗೆ ತೊತ್ತಲ್ಲವೆಂದು ಬಿಡಿಸಿಕೊಂಡವಳೇ ವಿರಾಟನ ಊರಿಗೆ ಊಳಿಗಕ್ಕೆ ಬರುತ್ತಾಳೆ. ಎಂಜಲನ್ನು ಉಣ್ಣಲು ಕೊಡಕೂಡದು, ಕಾಲು ತೊಳೆಯಲು ಹೇಳಕೂಡದು ಎಂಬ ಕರಾರುಗಳನ್ನು ವ್ಯಾಸಭಾರತದ ಸೈರಂಧ್ರಿ ಸುದೇಷ್ಣೆಗೆ ತಿಳಿಸುತ್ತಾಳೆ. ತೊತ್ತಿಗೂ ಕೆಲಸದವಳಿಗೂ ಇರುವ ಅಂತರ ಈ ಕರಾರುಗಳಲ್ಲಿದೆ. ಕೀಚಕ ಅಳಿಸಲು ಹೊರಟದ್ದು ಈ ಅಂತರವನ್ನೇ. ಮನೆಗೆಲಸಕ್ಕೆ ಬಂದವಳ ಮೈಯೂ ಮನೆಯವರದೆಂಬುದು ಅವನ ತಿಳಿವಳಿಕೆ. ತುಂಬಿದ ಸಭೆಯಲ್ಲಿ ಅವನು ಒದ್ದಾಗ ವಿರಾಟ ಸುಮ್ಮನಾದ. ಕಂಕನ ವೇಷದ ಧರ್ಮರಾಯ ಒಳಗೆ ಹೋಗೆಂದ. ಹಸ್ತಿನಾವತಿಯ ಮೌನ ಇಲ್ಲಿ ಮರುಕಳಿಸಿತು. ಆದರೆ ಈ ಸಲ ದ್ರೌಪದಿ ಸಭೆಗೆ ಶಾಸ್ತ್ರ ಕೇಳಿ ನಿಲ್ಲಲಿಲ್ಲ.

ಅನಂತರದ ಇರುಳಿನ ದೃಶ್ಯವನ್ನು ಕುಮಾರವ್ಯಾಸ ತನ್ನ ಶಕ್ತಿಯನ್ನೆಲ್ಲ ಸುರಿದು ಬೆಳೆಸಿದ್ದಾನೆ. ಐವರು ಗಂಡಂದಿರಿದ್ದೂ ದಿಕ್ಕಿಲ್ಲದವಳ ಅಳಲು ಅಡುಗೆಮನೆಯ ಕತ್ತಲಲ್ಲಿ ಮಲಗಿದ್ದ ವಲಲನನ್ನು ಎಬ್ಬಿಸುತ್ತದೆ. ಗಮಕಿಗಳ ಬಾಯಲ್ಲಿ ಈ ಭಾಗ ಭೀಮನ ಸಾಹಸಕ್ಕೆ ಪೀಠಿಕೆಯಾಗಿ ಮುಗಿದುಹೋಗುವುದೇ ಹೆಚ್ಚು. ಉಪಾಯ ಯಾರದೆಂದು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಹಗಲಿನಲ್ಲಿ ಹೆಣ್ಣುಮಕ್ಕಳು ನರ್ತನ ಕಲಿಯುವ ನಾಟ್ಯಶಾಲೆ ಇರುಳಿನಲ್ಲಿ ಬರಿದಾಗಿರುತ್ತದೆಂಬುದು ಅರಮನೆಯ ಕೆಲಸದವರಿಗೆ ತಿಳಿದ ವಿಷಯ. ಅಡುಗೆಯವನು ಯಾವ ಹೊತ್ತಿಗೆ ಎಲ್ಲಿದ್ದರೂ ಯಾರೂ ಕೇಳುವುದಿಲ್ಲ. ಒಡೆಯರ ಕಣ್ಣಿಗೆ ಬೀಳದಿರುವುದೇ ಆಳಿಗಿರುವ ಬಲವಾಗಿ ಇಲ್ಲಿ ಪರಿಣಮಿಸುತ್ತದೆ. ಕೀಚಕನನ್ನು ಅಲ್ಲಿಗೆ ಕರೆದವಳು ದ್ರೌಪದಿ. ಸತ್ತ ಮೇಲೆ ಕಾವಲಿನವರನ್ನು ಕರೆದು ತೋರಿಸಿದವಳೂ ಅವಳೇ.

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಉಪಕೀಚಕರು ಸೈರಂಧ್ರಿಯನ್ನು ಅಣ್ಣನ ಹೆಣದೊಡನೆ ಸುಡಲು ಕಟ್ಟಿ ಒಯ್ಯುತ್ತಾರೆ. ಬದುಕಿದ್ದಾಗ ದಕ್ಕದವಳು ಸತ್ತ ಮೇಲಾದರೂ ಅವನಿಗೆ ಸಲ್ಲಲಿ ಎಂಬುದು ಅವರ ವಾದ. ಕೀಳ್ಗುಂಟೆಯ, ವೇಳೆವಾಳಿಯ ಕಲ್ಲುಗಳು ಕೊಂಡಾಡಿದ ತರ್ಕದ ಬೆತ್ತಲೆ ರೂಪವಿದು. ಕಲ್ಲಿನ ಮೇಲೆ ಆಳು ನಗುಮೊಗದಿಂದ ಒಡೆಯನ ಜೊತೆ ಹೋಗುತ್ತಾನೆ. ಕಾವ್ಯದಲ್ಲಿ ಆಳುಹೆಣ್ಣು ಕಟ್ಟಿಸಿಕೊಂಡು ಕೂಗುತ್ತಾಳೆ. ವೀರಗಲ್ಲುಗಳ ಈ ಸೀಮೆ ವಿರಾಟನ ಕಥೆಯನ್ನು ತನ್ನ ನೆಲಕ್ಕೆ ಅಂಟಿಸಿಕೊಂಡದ್ದು ಕೇವಲ ಆಕಸ್ಮಿಕವಿರಬಹುದು. ಹಾಗಿದ್ದರೂ ಕಲ್ಲು ಹೇಳದೆ ಬಿಟ್ಟದ್ದನ್ನು ಕಥೆ ಹೇಳಿದೆ. ಮಳೆ ಬಾರದ ವರ್ಷಗಳಲ್ಲಿ ವಿರಾಟಪರ್ವವನ್ನು ಓದಿಸುವ ಪದ್ಧತಿ ಕನ್ನಡನಾಡಿನ ಹಳ್ಳಿಗಳಲ್ಲಿದೆ. ಬರಗಾಲವೇ ಜನರನ್ನು ದಾಸರನ್ನಾಗಿಸುತ್ತಿದ್ದ ಕಾಲದಲ್ಲಿ ಹಳ್ಳಿಗರು ಕೂತು ಕೇಳಿದ್ದು ಊಳಿಗದವರ ಗೆಲುವಿನ ಕಥೆಯನ್ನು.

ದ್ರೌಪದಿಗೆ ಸಭೆಯಲ್ಲಿ ದಕ್ಕದ ಉತ್ತರವನ್ನು ವಚನಕಾರರು ಬೇರೆ ಬಗೆಯಲ್ಲಿ ಕಟ್ಟಿದರು. ತಾನು ಮಾದಾರ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದವನೆಂದು ಬಸವಣ್ಣ ಹೇಳಿಕೊಳ್ಳುವ ವಚನ ಪ್ರಸಿದ್ಧವಾಗಿದೆ. ಕುಲನಿರಸನವೆಂದು ಇದನ್ನು ಎಲ್ಲರೂ ವಿವರಿಸಿದ್ದಾರೆ. ಇಲ್ಲಿ ಆರಿಸಿಕೊಂಡ ದಾಸ್ಯದ ಬಗೆಯೂ ಗಮನಾರ್ಹ. ದಾಸಿಯ ಮಗ ಗೃಹಜಾತ, ಶಾಸ್ತ್ರದ ಪ್ರಕಾರ ಬಿಡುಗಡೆಯಿಲ್ಲದವನು, ಬೇರೆ ಯಾರಿಗೂ ತನ್ನನ್ನು ಕೊಟ್ಟುಕೊಳ್ಳಲಾರದವನು. ಬಿಜ್ಜಳನ ಊಳಿಗದಲ್ಲಿದ್ದ ಭಂಡಾರಿಯೊಬ್ಬ ಹೀಗೆ ಹೇಳಿದಾಗ ಅರಸನ ಹಕ್ಕಿಗೆ ತಡೆ ಬೀಳುತ್ತದೆ. ಹಿಂದಿನ ಸ್ವಾಮಿ ಬೇರೆಯಿದ್ದಾನೆ. ಆ ಹಿಂದಿನ ಸ್ವಾಮಿಯಾದರೂ ಎಂಥವನು? ಐತಿಹ್ಯದ ಪ್ರಕಾರ ಚೆನ್ನಯ್ಯ ಚೋಳನ ಕುದುರೆಗಳಿಗೆ ಹುಲ್ಲು ತರುತ್ತಿದ್ದವನು. ದಾಸರನ್ನು ಇಟ್ಟುಕೊಳ್ಳುವ ಶಕ್ತಿಯೇ ಇಲ್ಲದವನ ಮನೆಯ ದಾಸನ ಮಗನಾಗುವುದೆಂದರೆ ಒಡೆತನವೆಂಬ ಕಲ್ಪನೆಯನ್ನೇ ಟೊಳ್ಳು ಮಾಡುವುದು. ಭೃತ್ಯಾಚಾರವನ್ನು ಪಂಚಾಚಾರಗಳಲ್ಲಿ ಒಂದಾಗಿ ಎಣಿಸುವುದರ ಹಿಂದೆಯೂ ಈ ನಡೆಯಿದೆ. ಎಲ್ಲರೂ ಭೃತ್ಯರಾದಲ್ಲಿ ಒಡೆಯನ ಪೀಠ ಖಾಲಿ.

‘ದಾಸೋಹ’ ಎಂಬ ಪದದ ಹಾದಿ ಇನ್ನೂ ಸ್ವಾರಸ್ಯಕರ. ‘ದಾಸನು ನಾನು’ ಎಂಬ ವಾಕ್ಯ ಅನ್ನವಿಕ್ಕುವ ಕಾರ್ಯದ ಹೆಸರಾಯಿತು. ಧರ್ಮಶಾಸ್ತ್ರದ ‘ಭಕ್ತದಾಸ’ ಎಂಬ ಪದದಲ್ಲಿ ಭಕ್ತವೆಂದರೆ ಅನ್ನ, ಅನ್ನಕ್ಕಾಗಿ ದಾಸನಾದವನು ಎಂದರ್ಥ. ಆ ಅನ್ನವನ್ನು ಬಿಟ್ಟಾಗ ಅವನು ಮುಕ್ತ. ಉಂಡವನು ದಾಸ, ಇಕ್ಕಿದವನು ಒಡೆಯ ಎಂಬ ಈ ಸಂಬಂಧವನ್ನು ಶರಣರು ತಲೆಕೆಳಗು ಮಾಡಿದರು. ಇಲ್ಲಿ ಇಕ್ಕಿದವನೇ ದಾಸ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಯ್ದಕ್ಕಿ ಲಕ್ಕಮ್ಮ ಗದರಿಸಿ ಮರಳಿ ಕಳುಹಿಸುವುದನ್ನು ಅಪರಿಗ್ರಹದ ಪಾಠವಾಗಿ ಓದುವ ಬದಲು ಈ ಬೆಳಕಿನಲ್ಲಿ ನೋಡಬಹುದು. ಇನ್ನೊಬ್ಬರ ಅಂಗಳದ ಹೆಚ್ಚಿನ ಅಕ್ಕಿ ಋಣವಾಗುತ್ತದೆ, ಋಣ ದಾಸ್ಯವಾಗುತ್ತದೆ ಎಂಬ ಎಚ್ಚರ ಬಡವರ ಮನೆಯ ಹೆಂಗಸಿಗೆ ಇದ್ದೇ ಇರುತ್ತದೆ. ಭತ್ತ ಕುಟ್ಟುವ ಕೆಲಸವನ್ನೇ ಹೆಸರಿಗೆ ಸೇರಿಸಿಕೊಂಡ ಕೊಟ್ಟಣದ ಸೋಮವ್ವೆಯನ್ನೂ ಇಲ್ಲಿ ನೆನೆಯಬೇಕು. ತೊತ್ತಿನ ಪಾಲಿನ ದುಡಿಮೆಯಾಗಿದ್ದ ಕೊಟ್ಟಣ ಅವಳಲ್ಲಿ ಕಾಯಕದ ಹೆಸರಾಗಿದೆ.

ಹಿರೇಕೆರೂರು ತಾಲ್ಲೂಕಿನ ಅಬಲೂರು ಈ ಚಳವಳಿಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಫ್ಲೀಟ್ ಸಂಪಾದಿಸಿದ ಅಲ್ಲಿನ ಶಾಸನದಲ್ಲಿ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ ತಲೆಯನ್ನು ಶಿವನಿಗೆ ಅರ್ಪಿಸಿ ಮರಳಿ ಪಡೆಯುತ್ತಾನೆ. ಬಿಜ್ಜಳ ಜಯಪತ್ರ ಕೊಡುತ್ತಾನೆ. ಹಾನಗಲ್ಲ ಕಾಮದೇವ ದತ್ತಿ ಬಿಡುತ್ತಾನೆ. ಒಡೆಯನಿಗೆ ತಲೆ ಕೊಡುವ ಲೆಂಕನ ಕ್ರಿಯೆಯನ್ನೇ ರಾಮಯ್ಯ ಶಿವನ ಮುಂದೆ ಮಾಡಿದ್ದಾನೆ. ಲೆಂಕನ ತಲೆ ಮರಳುವುದಿಲ್ಲ, ಇವನದು ಮರಳುತ್ತದೆ. ಆದರೆ ಅದೇ ಶಾಸನ ಜಿನಬಿಂಬವನ್ನು ಭಂಗಿಸಿದ್ದನ್ನೂ ಅಷ್ಟೇ ಹೆಮ್ಮೆಯಿಂದ ಹೇಳುತ್ತದೆ. ಶಿವನ ಆಳಾದವನು ಮನುಷ್ಯರ ಆಳಾಗಬೇಕಿಲ್ಲ ಎಂಬ ಮಾತು ಶಿವನ ಆಳಲ್ಲದವರ ಮೇಲಿನ ಯಜಮಾನಿಕೆಯಾಗಿ ತಿರುಗಲು ಒಂದು ತಲೆಮಾರೂ ಬೇಕಾಗಲಿಲ್ಲ. ಈ ಶಾಸನವನ್ನು ಪವಾಡವೆಂದು ಪೂಜಿಸುವವರೂ ಮತಾಂಧತೆಯೆಂದು ತಳ್ಳುವವರೂ ಅರ್ಧವನ್ನಷ್ಟೇ ಓದುತ್ತಾರೆ.

ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರಿಗೆ ಬಂದರೆ, ದಾಸರ ದಾಸರ ಮನೆಯ ದಾಸಿಯ ಮಗ ತಾನೆಂದು ಅವರೂ ಕೀರ್ತನೆಯೊಂದರಲ್ಲಿ ಹೇಳಿಕೊಂಡಿದ್ದಾರೆ. ಬಸವಣ್ಣನಿಗೂ ಅವರಿಗೂ ನಡುವೆ ಮತ, ಕಾಲ, ದೈವ ಎಲ್ಲವೂ ಬೇರೆ. ಆರಿಸಿಕೊಂಡ ಬಗೆ ಮಾತ್ರ ಮತ್ತೆ ಗೃಹಜಾತನದೇ. ಕನಕದಾಸರ ಸ್ವಂತಿಕೆ ಪೂರ್ಣವಾಗಿ ಕಾಣುವುದು ‘ರಾಮಧಾನ್ಯಚರಿತೆ’ಯಲ್ಲಿ. ಲಂಕೆಯಿಂದ ಮರಳುವ ರಾಮನ ಮುಂದೆ ಭತ್ತವೂ ನರೆದಲೆಗವೆಂಬ ರಾಗಿಯೂ ಮೇಲುಕೀಳಿನ ಜಗಳ ಹೂಡುತ್ತವೆ. ರಾಮ ತಕ್ಷಣ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ರಾಘವನ ಹೆಸರು ರಾಗಿಗೆ ಸಿಗುತ್ತದೆ. ವರ್ಗಸಂಘರ್ಷದ ಕಾವ್ಯವೆಂದು ಇದನ್ನು ಮೆಚ್ಚುವ ವಿಮರ್ಶೆ ಸೆರೆಯ ಅವಧಿಯನ್ನು ಕಥೆಯ ತಿರುವಾಗಿ ಮಾತ್ರ ನೋಡಿದೆ. ಆದರೆ ಬಿಡುಗಡೆಯ ಹಕ್ಕು ಇಲ್ಲಿ ಒಡೆಯನ ಕೃಪೆಯಿಂದಲೂ ಬಂದಿಲ್ಲ, ಬದಲಿ ತಲೆ ಕೊಟ್ಟೂ ಬಂದಿಲ್ಲ. ಬಂಧನವನ್ನು ತಾಳಿಕೊಂಡು ಕೆಡದೆ ಉಳಿದದ್ದರಿಂದ ಬಂದಿದೆ. ಭತ್ತದ ಗದ್ದೆಗಳ ಸೀಮೆಯ ಅಂಚಿನಲ್ಲಿ ಹುಟ್ಟಿದ ಕವಿ ಭತ್ತವನ್ನು ಸೆರೆಯಲ್ಲಿ ಕೊಳೆಯಿಸಿದ್ದು ಸಣ್ಣ ಧೈರ್ಯವಲ್ಲ. ಕಾವ್ಯದ ಮಿತಿಯೂ ಇಲ್ಲಿಯೇ ಇದೆ: ತೀರ್ಪು ಕೊಡಲು ಕೊನೆಗೂ ರಾಮನೇ ಬರಬೇಕು.

ಇದುವರೆಗಿನ ದನಿಗಳೆಲ್ಲ ಬರೆಹಕ್ಕೆ ದಕ್ಕಿದವು. ಒಡೆತನವನ್ನು ಮಾತಿನಿಂದ ಮುರಿಯದೆ ಕಾಲಿನಿಂದ ಮುರಿದವರು ಇದೇ ಸೀಮೆಯ ಮಗ್ಗುಲಲ್ಲಿದ್ದಾರೆ. ಹಾನಗಲ್ಲು, ಶಿಗ್ಗಾವಿಗಳಿಗೆ ಹೊಂದಿಕೊಂಡ ಮುಂಡಗೋಡ ಹಾಗೂ ಅದರಾಚೆಯ ಯಲ್ಲಾಪುರ, ಹಳಿಯಾಳಗಳ ಕಾಡುಗಳಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರು. ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಟಿ.ಸಿ. ಪಾಲಾಕ್ಷಪ್ಪನವರ 1976ರ ಅಧ್ಯಯನದಿಂದ ಮೊದಲುಗೊಂಡು ಅವರನ್ನು ಕುರಿತು ಗಣನೀಯ ಸಂಶೋಧನೆ ನಡೆದಿದೆ. ಕಳ್ಳರು ಮಾರಿದವನನ್ನು ಬಿಡಿಸಬೇಕೆಂದು ಮಿತಾಕ್ಷರ ಹೇಳಿದ್ದರೂ ಇವರಿಗಾಗಿ ಯಾರೂ ಕೊಡ ಒಡೆಯಲಿಲ್ಲ. ಕಂಪನಿ ಸರ್ಕಾರದ 1843ರ ಐದನೆಯ ಕಾಯ್ದೆ ಗುಲಾಮರನ್ನು ಹಿಡಿದುಕೊಡಲು ನ್ಯಾಯಾಲಯ ನೆರವಾಗದು ಎಂದಿತೇ ಹೊರತು ಗುಲಾಮರನ್ನು ಇಟ್ಟುಕೊಳ್ಳುವುದನ್ನು ಅಪರಾಧವೆನ್ನಲಿಲ್ಲ. ಹೊರಟು ಹೋಗುವ ಕೆಲಸವನ್ನು ಗುಲಾಮನಿಗೇ ಬಿಟ್ಟಿತು. ಅದೂ ಕಂಪನಿಯ ಆಳ್ವಿಕೆಯ ನೆಲಕ್ಕೆ ಮಾತ್ರ. ಧಾರವಾಡ ಜಿಲ್ಲೆಯ ನಡುವೆ 1948ರವರೆಗೂ ನವಾಬರ ಸಂಸ್ಥಾನವಾಗಿ ಉಳಿದ ಸವಣೂರು ಅದರ ಹೊರಗಿತ್ತು. ಪೋರ್ಚುಗೀಸರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ್ದು 1869ರಲ್ಲಿ. ಸಿದ್ದಿಗಳು ನಡೆದುಬಿಟ್ಟ ದಾರಿಯನ್ನು ಕಾನೂನು ತಡವಾಗಿ ಒಪ್ಪಿಕೊಂಡಿತು.

ಕಾಡಿಗೆ ಬಂದವರಲ್ಲಿ ಬಹಳ ಜನ ಮತ್ತೆ ಭೂಮಾಲೀಕರ ಮನೆಗಳ ಜೀತಕ್ಕೆ ಬಿದ್ದರು. ಸಾಲದ ದಾಸ್ಯ, ಅನ್ನದ ದಾಸ್ಯ ಎಂದು ಶಾಸ್ತ್ರ ಹೆಸರಿಸಿದ್ದ ಆ ಬಗೆಗಳನ್ನು ರದ್ದುಪಡಿಸಲು 1976ರ ಜೀತವಿಮುಕ್ತಿ ಕಾಯ್ದೆ ಬರಬೇಕಾಯಿತು. ವಚನಕಾರನಂತೆ, ಹರಿದಾಸನಂತೆ ‘ದಾಸ’ ಎಂಬ ಹೆಸರನ್ನು ಸಿದ್ದಿಗಳು ಆರಿಸಿಕೊಂಡಿಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಮತಗಳಲ್ಲಿ ಹಂಚಿಹೋಗಿದ್ದರೂ ಅವರನ್ನು ಒಂದಾಗಿ ಹಿಡಿದಿರುವುದು ಹಿರಿಯರ ಪೂಜೆ ಮತ್ತು ದಮಾಮಿಯ ಬಡಿತ. ದೇವರ ಮನೆಯ ದಾಸಿಯ ಮಗನೆಂಬ ವಂಶಾವಳಿಯನ್ನು ಕಟ್ಟಿಕೊಳ್ಳುವ ಬದಲು ಓಡಿಬಂದ ಹಿರಿಯನನ್ನೇ ಅವರು ಮನೆಯ ಮೂಲೆಯಲ್ಲಿ ಪೂಜೆಗೆ ಇಟ್ಟುಕೊಂಡಿದ್ದಾರೆ. ದಾಸ್ಯ ಮತ್ತು ಬಿಡುಗಡೆಯನ್ನು ಕುರಿತ ಕನ್ನಡ ವಿಮರ್ಶೆ ದಮಾಮಿಯ ಹಾಡುಗಳನ್ನು ಜನಾಂಗೀಯ ಅಧ್ಯಯನದ ಅನುಬಂಧದಿಂದ ತನ್ನ ಪಠ್ಯಕ್ಕೆ ತಂದುಕೊಳ್ಳುವ ಕೆಲಸ ಬಾಕಿಯಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳೂ 2020ರಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳೂ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಹಾವೇರಿ ಜಿಲ್ಲೆಯ ಹೆಸರು ಆ ತಿದ್ದುಪಡಿಯಲ್ಲಿಲ್ಲ.